ಹೂದಾನಿ ಕೊಳ್ಳುವ ಮುಂಚೆ ಅದರ ಬಾಯಿ ನೋಡಿ

ಚಿಕ್ಕಬಳ್ಳಾಪುರದಲ್ಲಿ ಹೂವಿಗೇನು ಬರ ಇಲ್ಲ. ಬೆಳಗಿನ ಜಾವ ಹೂವಿನ ಮಾರ್ಕೆಟ್ ಕಡೆ ಹೋದರೆ ಸೇವಂತಿಗೆ, ಚೆಂಡುಹೂ, ಬಟನ್ ಗುಲಾಬಿ ಎಲ್ಲ ಮೂಟೆ ಮೂಟೆ ಬಂದು ಬಿದ್ದಿರುತ್ತದೆ. ಸುತ್ತಮುತ್ತಲ ಪಾಲಿಹೌಸ್‌ಗಳಲ್ಲಿ ಉದ್ದ ಕಡ್ಡಿಯ ಗುಲಾಬಿ, ಜರ್ಬೆರಾ ಬೆಳೆಯುತ್ತಾರೆ. ಇಷ್ಟಿದ್ದೂ ಯಾರದೇ ಮನೆಯ ಹೂದಾನಿ ಕಡೆ ಕಣ್ಣು ಹಾಯಿಸಿ, ಧೂಳು ಹಿಡಿದ ಪ್ಲಾಸ್ಟಿಕ್ ಹೂವೇ ಕಾಣೋದು ಜಾಸ್ತಿ. ಹಬ್ಬಕ್ಕೆ ಅಂತ ನಿಜವಾದ ಗುಲಾಬಿ ತಂದಿಟ್ಟರೂ ಎರಡನೇ ದಿನಕ್ಕೆ ಕತ್ತು ಬಗ್ಗಿಸುತ್ತವೆ, ನೀರು ನಾರುತ್ತದೆ, "ಇದೆಲ್ಲ ನಮಗೆ ಆಗಿಬರಲ್ಲ" ಅಂತ ಮತ್ತೆ ಪ್ಲಾಸ್ಟಿಕ್ಕೇ ಗತಿ.

ಇದರಲ್ಲಿ ಹೂವಿನ ತಪ್ಪು ಕಮ್ಮಿ. ಹೂದಾನಿ ಆರಿಸಿದ್ದೇ ಸರಿ ಇರುವುದಿಲ್ಲ. ಅಂಗಡಿಯಲ್ಲಿ ನಾವು ನೋಡುವುದು ಬಣ್ಣ, ಡಿಸೈನು, ಟಿವಿ ಪಕ್ಕ ಇಟ್ಟರೆ ಚೆನ್ನಾಗಿ ಕಾಣುತ್ತಾ ಅನ್ನುವುದು. ನಾನು ಮೊದಲು ಬಾಯಿ ನೋಡುತ್ತೇನೆ, ಆಮೇಲೆ ಬುಡ, ಆಮೇಲೆ ಯಾವುದರಿಂದ ಮಾಡಿದ್ದು ಅಂತ. ಬಣ್ಣ ಕೊನೆಗೆ. ಯಾಕೆ ಅಂತ ತಿಳಿಯಬೇಕಾದರೆ ಈ ಆಕಾರಗಳೆಲ್ಲ ಎಲ್ಲಿಂದ ಬಂದವು ಅಂತ ಸ್ವಲ್ಪ ನೋಡಬೇಕು. ಇವತ್ತು ಹೂದಾನಿ ಅಂತ ಮಾರುವ ಆಕಾರಗಳಲ್ಲಿ ಸುಮಾರು ಹೂವಿಗಾಗಿ ಹುಟ್ಟಿದ್ದೇ ಅಲ್ಲ.

ಎಣ್ಣೆಗೆ ಮಾಡಿದ್ದು, ಮದ್ಯಕ್ಕೆ ಮಾಡಿದ್ದು, ಹೂವಿಗೆ ಮಾಡಿದ್ದು

ಗ್ರೀಕರ ಕಪ್ಪು-ಕೆಂಪು ಪಾತ್ರೆಗಳನ್ನು ಫೋಟೋದಲ್ಲಿ ನೋಡಿಯೇ ಇರುತ್ತೀರಿ. ಎರಡು ಹಿಡಿ, ಉದ್ದ ಕತ್ತು, ಮೈತುಂಬ ಚಿತ್ರ. ಅದರ ಹೆಸರು ಆಂಫೊರಾ. ಅದರಲ್ಲಿ ತುಂಬುತ್ತಿದ್ದದ್ದು ದ್ರಾಕ್ಷಿ ಮದ್ಯ, ಆಲಿವ್ ಎಣ್ಣೆ. ಅಥೆನ್ಸಿನ ಪ್ಯಾನಥೆನೇಯಿಕ್ ಆಟಗಳಲ್ಲಿ ಗೆದ್ದವರಿಗೆ ಎಣ್ಣೆ ತುಂಬಿದ ಆಂಫೊರಾಗಳನ್ನೇ ಬಹುಮಾನ ಕೊಡುತ್ತಿದ್ದರು. ಎಣ್ಣೆ ಚೆಲ್ಲಬಾರದು, ಮುಚ್ಚಳ ಬಿಗಿಯಾಗಿ ಕೂರಬೇಕು, ಅದಕ್ಕೆ ಕತ್ತು ಕಿರಿದು. ಕ್ರೇಟರ್ ಅನ್ನುವ ಇನ್ನೊಂದು ಪಾತ್ರೆಯ ಬಾಯಿ ಅಗಲ, ಯಾಕಂದರೆ ಅದರಲ್ಲಿ ಮದ್ಯಕ್ಕೆ ನೀರು ಬೆರೆಸಿ ಸೌಟಿನಿಂದ ಬಡಿಸಬೇಕಿತ್ತು. ಅಂದ ಹಾಗೆ ಆ ಕಪ್ಪು, ಆ ಕೆಂಪು ಎರಡೂ ಒಂದೇ ಮಣ್ಣಿನ ಬಣ್ಣ. ಕಬ್ಬಿಣದ ಅಂಶ ಇರುವ ಮಣ್ಣಿಗೆ ಸುಡುವಾಗ ಗಾಳಿ ಸಿಕ್ಕರೆ ಕೆಂಪು, ಗೂಡು ಮುಚ್ಚಿ ಹೊಗೆ ಕೂಡಿಸಿದರೆ ಕಪ್ಪು. ಬೇರೆ ಪೇಂಟೇನೂ ಇಲ್ಲ.

ಇದು ನಮಗೆ ಯಾಕೆ ಬೇಕು ಅಂದರೆ, ಗೃಹಪ್ರವೇಶದ ಗಿಫ್ಟಿನಲ್ಲಿ ಬರುವ ಗೋಲ್ಡ್ ಪೇಂಟಿನ ಎರಡು ಹಿಡಿಯ ಹೂದಾನಿ ಇದೇ ಆಂಫೊರಾದ ಮರಿ. ಅದಕ್ಕೆ ಇಪ್ಪತ್ತು ಗುಲಾಬಿ ತುರುಕಿದರೆ ಕಡ್ಡಿ ಕಡ್ಡಿ ಒತ್ತಿಕೊಂಡು ತೊಗಟೆ ಸುಲಿಯುತ್ತದೆ, ನೀರು ಏರುವುದಿಲ್ಲ. ಮೂರೋ ನಾಲ್ಕೋ ಕಡ್ಡಿ ಇಡಿ, ಚೆನ್ನಾಗಿರುತ್ತದೆ. ಕ್ರೇಟರ್ ಥರದ ಅಗಲ ಬಾಯಿಯದು ಉಲ್ಟಾ ಕತೆ. ನಾಲ್ಕು ಹೂ ಇಟ್ಟರೆ ನಾಲ್ಕೂ ದಿಕ್ಕಿಗೊಂದು ಬಿದ್ದು, ನಡುವೆ ಬರೀ ಗುಂಡಿ ಕಾಣುತ್ತದೆ.

ಚೀನಾದ ಕತೆ ಇನ್ನೂ ಚೆನ್ನಾಗಿದೆ. ಭುಜ ಅಗಲ, ಬುಡ ಸಣ್ಣ, ಬಾಯಿ ನಾಣ್ಯದಷ್ಟೇ ಇರುವ ಒಂದು ಆಕಾರ ಇದೆ, ಮೇಪಿಂಗ್ ಅಂತ. ಅದೂ ಮೊದಲು ಮದ್ಯದ ಪಾತ್ರೆ, ಮುಚ್ಚಳ ಸಮೇತ ಇತ್ತು. ಆಮೇಲೆ ಪ್ಲಮ್ ಮರದ ಒಂದೇ ಒಂದು ಹೂಕೊಂಬೆ ಸಿಗಿಸಿ ಇಡುವ ಅಭ್ಯಾಸ ಬಂತು. ಒಂದೇ ಕೊಂಬೆ ಅನ್ನುವುದನ್ನು ನೆನಪಿಡಿ, ಯಾಕಂದರೆ ಈ ಆಕಾರದ ತೂಕವೆಲ್ಲ ಮೇಲೆ. ಮಕ್ಕಳು ಓಡಾಡುವ ಮನೆಯಲ್ಲಿ ಟೀಪಾಯಿ ಮೇಲೆ ಇಡಲೇಬೇಡಿ.

ಹೂವಿಗೆ ಅಂತಲೇ ಮಾಡಿದ್ದೂ ಚೀನಾದಲ್ಲಿ ಇತ್ತು, ಆದರೆ ಅದು ದೇವರ ಮುಂದೆ ಇಡುವುದಕ್ಕೆ. ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿ ಡೇವಿಡ್ ಹೂದಾನಿಗಳು ಅಂತ ಒಂದು ಜೋಡಿ ಇದೆ. ಎರಡಡಿಗಿಂತ ಎತ್ತರ, ಬಿಳಿ ಪಿಂಗಾಣಿ ಮೇಲೆ ನೀಲಿ ಡ್ರ್ಯಾಗನ್, ಹಿಡಿಗಳು ಆನೆ ಮುಖದವು. ಕತ್ತಿನ ಮೇಲೆ ಬರೆದಿರುವ ತಾರೀಖು 1351ಕ್ಕೆ ಸರಿಹೊಂದುತ್ತದೆ. ಧೂಪದ ಪಾತ್ರೆಯ ಜೊತೆ ಈ ಜೋಡಿಯನ್ನು ಭಕ್ತನೊಬ್ಬ ದಾವೋ ಮತದ ಮಂದಿರಕ್ಕೆ ಹರಕೆ ಕೊಟ್ಟದ್ದು ಅಂತ ಅದರ ಮೇಲೇ ಬರೆದಿದೆ. ಆ ನೀಲಿ ಬಣ್ಣದ ಕೋಬಾಲ್ಟ್ ಪರ್ಷಿಯಾ ಕಡೆಯಿಂದ ಬರುತ್ತಿತ್ತು, ಮಡಕೆ ಮಾಡುತ್ತಿದ್ದದ್ದು ಜಿಂಗ್‌ಡೆಝೆನ್ ಅನ್ನುವ ಊರಿನಲ್ಲಿ. ಈಗ ಅಂಗಡಿಗಳಲ್ಲಿ ಕಾಣುವ ನೀಲಿ-ಬಿಳಿ ಹೂದಾನಿಗಳ ಮೂಲ ಇದು.

ಯೂರೋಪಿನವರಿಗೆ ಈ ಪಿಂಗಾಣಿ ಹುಚ್ಚು ಹಿಡಿಸಿತು. ಸ್ಯಾಕ್ಸನಿಯ ದೊರೆ ಆಗಸ್ಟಸ್ 1717ರಲ್ಲಿ ಪ್ರಷ್ಯಾದ ದೊರೆಗೆ ತನ್ನ 600 ಸೈನಿಕರನ್ನು ಕೊಟ್ಟು 151 ಪಿಂಗಾಣಿ ಸಾಮಾನು ತೆಗೆದುಕೊಂಡ. ಅದರಲ್ಲಿ ಸುಮಾರು ಒಂದು ಮೀಟರ್ ಎತ್ತರದ ದೊಡ್ಡ ಹೂದಾನಿಗಳೂ ಇದ್ದವು. ಅದೂ ಯಾವಾಗ? ತನ್ನದೇ ರಾಜ್ಯದ ಮೈಸೆನ್‌ನಲ್ಲಿ ಪಿಂಗಾಣಿ ಕಾರ್ಖಾನೆ ಶುರುವಾಗಿ ಏಳು ವರ್ಷ ಆದ ಮೇಲೆ! ಮನೆಯಲ್ಲಿ ಹೂದಾನಿಗೆ ದುಡ್ಡು ಸುರಿದೆ ಅಂತ ಯಾರಾದರೂ ಬೈದರೆ ಈ ಕತೆ ಹೇಳಿ.

ಹಾಗಾದರೆ ಹೂವನ್ನು ತಲೆಯಲ್ಲಿಟ್ಟುಕೊಂಡು ಮಾಡಿದ ಹೂದಾನಿ ಯಾವುದು? ಹಾಲೆಂಡಿನ ಡೆಲ್ಫ್ಟ್‌ನಲ್ಲಿ 17ನೇ ಶತಮಾನದ ಕೊನೆಗೆ ಒಂದೊಂದು ಹೂವಿಗೆ ಒಂದೊಂದು ಮೂತಿ ಇರುವ ಪಾತ್ರೆ ಮಾಡಿದರು. ಕೆಲವು ಗೋಪುರದಂತೆ ಅಂತಸ್ತಿನ ಮೇಲೆ ಅಂತಸ್ತು. ಟ್ಯುಲಿಪ್ ದುಬಾರಿ ಹೂ, ಪ್ರತಿಯೊಂದೂ ಎದ್ದು ಕಾಣಬೇಕಲ್ವಾ. ಇಸ್ತಾಂಬುಲ್‌ನಲ್ಲಿ ಒಟ್ಟೋಮನ್ ಆಸ್ಥಾನದವರು ಇನ್ನೂ ಸುಲಭ ದಾರಿ ಹಿಡಿದರು. ಹೊಟ್ಟೆ ಗುಂಡು, ಕತ್ತು ಕೊಳವೆಯಷ್ಟು, ಒಂದು ಪಾತ್ರೆಗೆ ಒಂದೇ ಟ್ಯುಲಿಪ್. ಈಗ ಒಂಟಿ ಹೂವಿನ ಚಿಕ್ಕ ಹೂದಾನಿ ಅಂತ ಸಿಗುವುದು ಇದೇ ಬಗೆ. ಇನ್ನು 1936ರಲ್ಲಿ ಫಿನ್ಲೆಂಡಿನ ವಾಸ್ತುಶಿಲ್ಪಿ ಆಲ್ವಾರ್ ಆಲ್ಟೊ ಅಲೆ ಅಲೆಯಾದ ಗಾಜಿನ ಹೂದಾನಿ ಮಾಡಿದ. ಅದರ ಬಾಯಿ ಅಗಲವೇ, ಆದರೆ ಅಂಚು ಒಳಗೆ ಹೊರಗೆ ಬಾಗಿರುವುದರಿಂದ ಹೂಕಡ್ಡಿಗಳಿಗೆ ಅಲ್ಲಲ್ಲಿ ಒಂದೊಂದು ಮೂಲೆ ಸಿಗುತ್ತದೆ, ನಡುವೆ ಕುಸಿಯುವುದಿಲ್ಲ. ಈಗ ಅದರ ಅಗ್ಗದ ನಕಲು ಎಲ್ಲ ಕಡೆ ಸಿಗುತ್ತದೆ. ನಕಲಾದರೂ ಕೆಲಸ ಮಾಡುತ್ತದೆ.

ನಮ್ಮ ಹತ್ತಿರ ಏನಿತ್ತು? ನಮ್ಮ ಹತ್ತಿರ ಕಲಶ ಇತ್ತು. ಭಾರ್ಹುತ್, ಸಾಂಚಿ, ಅಮರಾವತಿಯ ಸ್ತೂಪಗಳ ಕಲ್ಲಿನಲ್ಲಿ ಎರಡು ಸಾವಿರ ವರ್ಷ ಹಿಂದೆಯೇ ತುಂಬಿದ ಕೊಡ, ಅದರಿಂದ ಉಕ್ಕಿ ಬರುವ ತಾವರೆ ಕೆತ್ತಿದ್ದಾರೆ. ಅದಕ್ಕೆ ಪೂರ್ಣಘಟ ಅಂತ ಹೆಸರು. ವರಮಹಾಲಕ್ಷ್ಮಿ ಹಬ್ಬಕ್ಕೆ ಚೊಂಬಿಗೆ ಮಾವಿನೆಲೆ ಇಟ್ಟು ತೆಂಗಿನಕಾಯಿ ಕೂರಿಸುತ್ತೇವಲ್ಲ, ಅದರ ವಂಶವೇ. ಆ ಚೊಂಬಿನ ಆಕಾರವನ್ನು ಒಂದು ಸಲ ಹೂವಿನ ಕಣ್ಣಿನಿಂದ ನೋಡಿ. ಹೊಟ್ಟೆ ದಪ್ಪ, ಹಾಗಾಗಿ ನೀರು ಜಾಸ್ತಿ ಹಿಡಿಯುತ್ತದೆ, ಭಾರ ಕೆಳಗಿರುತ್ತದೆ, ಬೀಳುವುದಿಲ್ಲ. ಕತ್ತು ಸ್ವಲ್ಪ ಕಿರಿದು, ಕಡ್ಡಿಗಳನ್ನು ಒಟ್ಟಿಗೆ ಹಿಡಿದುಕೊಳ್ಳುತ್ತದೆ. ಅಂಚು ಹೊರಗೆ ಮಡಚಿದೆ, ಅದರ ಮೇಲೆ ಎಲೆ ಹೂ ಹಾಯಾಗಿ ಒರಗುತ್ತವೆ. ಹೂದಾನಿಗೆ ಬೇಕಾದ ಮೂರೂ ಗುಣ ಒಂದೇ ಪಾತ್ರೆಯಲ್ಲಿದೆ. ಹತ್ತು ಕಡ್ಡಿ ಸೇವಂತಿಗೆಯನ್ನು ಗಿಡ್ಡ ಮಾಡಿ ಹಿತ್ತಾಳೆ ಚೊಂಬಿಗೆ ಇಟ್ಟು ನೋಡಿ. ಹೂಗಳು ತಾವೇ ಸುತ್ತ ಹರಡಿಕೊಂಡು ಗುಂಡಗೆ ಕೂರುತ್ತವೆ, ನೀವು ಕೈ ಹಾಕಿ ಜೋಡಿಸುವ ಕೆಲಸವೇ ಇಲ್ಲ.

ನೀವು ತರುವ ಹೂ ಯಾವುದು, ಅದನ್ನು ಮೊದಲು ಹೇಳಿ

ಹೂದಾನಿ ತಂದು ಆಮೇಲೆ ಅದಕ್ಕೆ ಹೂ ಹುಡುಕುವುದು ಉಲ್ಟಾ ಕೆಲಸ. ನಮ್ಮ ಕಡೆ ಮಾರ್ಕೆಟ್ಟಿನಲ್ಲಿ ಹೂ ಎರಡು ಬಗೆ. ಒಂದು ಕೆಜಿ ಲೆಕ್ಕದ್ದು, ಕಡ್ಡಿ ಇಲ್ಲದ್ದು: ಚೆಂಡುಹೂ, ಬಿಡಿ ಸೇವಂತಿಗೆ, ಬಟನ್ ಗುಲಾಬಿ, ಕನಕಾಂಬರ. ಇನ್ನೊಂದು ಕಟ್ಟಿನ ಲೆಕ್ಕದ್ದು, ಕಡ್ಡಿ ಇರುವುದು: ಡಚ್ ಗುಲಾಬಿ, ಜರ್ಬೆರಾ, ಗ್ಲಾಡಿಯೋಲಸ್, ಕಡ್ಡಿ ಸುಗಂಧರಾಜ.

ಮೊದಲ ಬಗೆ ತರುವವರಿಗೆ ಎತ್ತರದ ಹೂದಾನಿಯೇ ಬೇಡ. ಎರಡು ಮೂರು ಇಂಚು ಆಳದ, ಅಗಲವಾದ ಉರುಳಿ ಅಥವಾ ಪಿಂಗಾಣಿ ಬಟ್ಟಲು ಸಾಕು. ನೀರು ತುಂಬಿ ಹೂ ತೇಲಿಬಿಡಿ. ಕಾಲು ಕೆಜಿ ಹೂವಿಗೆ ನಡುಮನೆಯೆಲ್ಲ ತುಂಬಿದ ಹಾಗಾಗುತ್ತದೆ. ಚಿಕ್ಕಬಳ್ಳಾಪುರ, ಕೋಲಾರದ ಮನೆಗಳಿಗೆ ನನ್ನ ಮಟ್ಟಿಗೆ ಇದೇ ಸರಿಯಾದ ಹೂದಾನಿ, ಆದರೆ ಯಾಕೋ ಜನ ಇದನ್ನು ಹೋಟೆಲ್ ರಿಸೆಪ್ಷನ್ನಿಗೆ ಬಿಟ್ಟುಕೊಟ್ಟಿದ್ದಾರೆ.

ಡಚ್ ಗುಲಾಬಿ ಸಾಮಾನ್ಯವಾಗಿ ಇಪ್ಪತ್ತರ ಕಟ್ಟಾಗಿ ಬರುತ್ತದೆ. ಕಡ್ಡಿ 50 ಸೆಂಟಿಮೀಟರ್ ಇದೆ ಅಂದುಕೊಳ್ಳಿ. ಬುಡದಲ್ಲಿ ಎರಡು ಮೂರು ಸೆಂಟಿಮೀಟರ್ ಓರೆಯಾಗಿ ಕತ್ತರಿಸಿದರೆ 47 ಉಳಿಯಿತು. ಹೂದಾನಿಯ ಎತ್ತರದ ಎರಡರಷ್ಟು ಒಟ್ಟು ಎತ್ತರ ಇದ್ದರೆ ನೋಡಲು ಹಿತ. ಅಂದರೆ 22ರಿಂದ 25 ಸೆಂಟಿಮೀಟರ್ ಎತ್ತರದ ಹೂದಾನಿ ಬೇಕು. ಬಾಯಿ ಎಷ್ಟು? ಇಪ್ಪತ್ತು ಕಡ್ಡಿಯನ್ನು ಕೈಯಲ್ಲಿ ಗಟ್ಟಿ ಹಿಡಿದರೆ ನಾಲ್ಕೈದು ಸೆಂಟಿಮೀಟರ್ ದಪ್ಪ ಬರುತ್ತದೆ. ಉಸಿರಾಡಲು ಜಾಗ ಬೇಕು, ಹಾಗಾಗಿ ಏಳರಿಂದ ಒಂಬತ್ತು ಸೆಂಟಿಮೀಟರ್ ಬಾಯಿ. ಅದಕ್ಕಿಂತ ಕಮ್ಮಿ ಆದರೆ ಹಬ್ಬದ ದಿನದ ಚಿಂತಾಮಣಿ ಬಸ್ಸಿನ ಥರ ಆಗುತ್ತದೆ, ಯಾರಿಗೂ ಅಲುಗಾಡಲು ಆಗಲ್ಲ. ಇದಕ್ಕಿಂತ ಅಗಲ ಬಾಯಿಯದು ಆಗಲೇ ಇದ್ದರೆ ಸೆಲ್ಲೋಟೇಪಿನಿಂದ ಬಾಯಿ ಮೇಲೆ ಅಡ್ಡ ಉದ್ದ ಚೌಕಳಿ ಅಂಟಿಸಿ, ಒಂದೊಂದು ಮನೆಯಲ್ಲಿ ಎರಡು ಮೂರು ಕಡ್ಡಿ ಇಳಿಸಿ. ಎಲೆ ಮುಚ್ಚುವುದರಿಂದ ಟೇಪು ಕಾಣುವುದಿಲ್ಲ.

ಜರ್ಬೆರಾ ಹಟಮಾರಿ. ಕಡ್ಡಿಯ ಮೇಲೆ ನವಿರು ಕೂದಲು ಇರುತ್ತದೆ, ಜಾಸ್ತಿ ನೀರಿನಲ್ಲಿ ಮುಳುಗಿಸಿದರೆ ಕೊಳೆಯುತ್ತದೆ. ಐದಾರು ಸೆಂಟಿಮೀಟರ್ ನೀರು ಸಾಕು. ತಲೆ ಭಾರ, ಕಡ್ಡಿ ಪೊಳ್ಳು, ಹಾಗಾಗಿ ಕತ್ತು ಕಿರಿದಾದ ಉದ್ದ ಹೂದಾನಿ ಬೇಕು, ಅದು ಹೂವಿನ ಬೆನ್ನಿಗೆ ಆಸರೆ ಕೊಡುತ್ತದೆ. ಆದರೆ ಉದ್ದ ಹೂದಾನಿಯಲ್ಲಿ ನೀರು ಕಮ್ಮಿ ಅಂದರೆ ತೂಕ ಕಮ್ಮಿ, ಕಿಟಕಿ ಗಾಳಿಗೆ ಉರುಳುತ್ತದೆ. ತಳಕ್ಕೆ ತೊಳೆದ ಜಲ್ಲಿಕಲ್ಲು ಹಾಕಿಬಿಡಿ.

ಸುಗಂಧರಾಜ, ಗ್ಲಾಡಿಯೋಲಸ್ ಎರಡಕ್ಕೂ 30 ಸೆಂಟಿಮೀಟರಿಗೆ ಕಮ್ಮಿ ಇಲ್ಲದ, ಬುಡ ಭಾರದ ಹೂದಾನಿ. ನೆಲದ ಮೇಲೆ ಮೂಲೆಯಲ್ಲಿ ಇಡುವುದೇ ವಾಸಿ.

ಯಾವುದರಿಂದ ಮಾಡಿದ್ದು?

ಗಾಜು. ಊದುಗೊಳವೆಯಿಂದ ಗಾಜು ಊದುವ ವಿದ್ಯೆ ಕ್ರಿಸ್ತಪೂರ್ವ 1ನೇ ಶತಮಾನದಲ್ಲಿ ಸಿರಿಯಾ-ಪ್ಯಾಲೆಸ್ಟೈನ್ ಕಡೆ ಶುರುವಾಯಿತು. ಅದಕ್ಕೆ ಮುಂಚೆ ಗಾಜಿನ ಪಾತ್ರೆ ಶ್ರೀಮಂತರದು, ಆಮೇಲೆ ಎಲ್ಲರದು. ರೋಮನ್ನರು ಅದರಲ್ಲಿ ಎಷ್ಟು ಪಳಗಿದರು ಅಂದರೆ ನೀಲಿ ಗಾಜಿನ ಮೇಲೆ ಬಿಳಿ ಗಾಜಿನ ಪದರ ಹಾಕಿ ಅದನ್ನು ಕೊರೆದು ಚಿತ್ರ ತೆಗೆಯುತ್ತಿದ್ದರು. ಅಂಥದ್ದೇ ಒಂದು ಪೋರ್ಟ್‌ಲ್ಯಾಂಡ್ ಹೂದಾನಿ. 1845ರಲ್ಲಿ ಕುಡಿದ ಒಬ್ಬ ಮನುಷ್ಯ ಬ್ರಿಟಿಷ್ ಮ್ಯೂಸಿಯಂ ಒಳಗೇ ಅದನ್ನು ಒಡೆದು ಚೂರು ಚೂರು ಮಾಡಿದ. ಅಂಟಿಸಿ ಮತ್ತೆ ನಿಲ್ಲಿಸಿದ್ದಾರೆ, ಈಗಲೂ ನೋಡಬಹುದು.

ಗಾಜಿನ ದೊಡ್ಡ ಲಾಭ ಅಂದರೆ ನೀರು ಕೆಟ್ಟದ್ದು ಕಣ್ಣಿಗೆ ಕಾಣುತ್ತದೆ, ಬದಲಾಯಿಸುತ್ತೀರಿ. ಇದೇ ಅದರ ತೊಂದರೆಯೂ ಹೌದು. ನಮ್ಮ ಬೋರ್‌ವೆಲ್ ನೀರು ಗಡಸು. ನಾಲ್ಕು ಸಲ ನೀರು ಹಾಕಿ ತೆಗೆಯುವಷ್ಟರಲ್ಲಿ ಒಳಗೆ ಬಿಳಿ ಗೆರೆ ಕಟ್ಟಿ, ಎಷ್ಟು ಚಂದದ ಗಾಜಾದರೂ ಹಳೇ ಬಕೆಟ್ಟಿನ ಕಳೆ ಬರುತ್ತದೆ. ವಿನಿಗರ್ ಇಲ್ಲವೇ ನಿಂಬೆರಸ ಬೆರೆಸಿದ ಬಿಸಿನೀರು ರಾತ್ರಿ ತುಂಬಿಟ್ಟು ಬೆಳಿಗ್ಗೆ ಉಜ್ಜಿದರೆ ಹೋಗುತ್ತದೆ. ಆದರೆ ಉಜ್ಜಬೇಕಾದರೆ ಕೈ ಒಳಗೆ ಹೋಗಬೇಕು ಅಲ್ವಾ? ಗಾಜಿನದು ಕೊಳ್ಳುವುದಾದರೆ ಕೈ ಹಿಡಿಸುವ ಬಾಯಿಯದನ್ನೇ ಕೊಳ್ಳಿ, ಇಲ್ಲವೇ ಬಾಟಲ್ ಬ್ರಷ್ ಜೊತೆಗೇ ತನ್ನಿ.

ಪಿಂಗಾಣಿ, ಸ್ಟೋನ್‌ವೇರ್. ಇವೆರಡಕ್ಕೂ ನನ್ನ ವೋಟು. ಬಿಳಿ ಜೇಡಿಮಣ್ಣನ್ನು ಸುಮಾರು 1300 ಡಿಗ್ರಿ ಶಾಖದಲ್ಲಿ ಸುಟ್ಟರೆ ಮಣ್ಣೇ ಅರ್ಧ ಗಾಜಾಗಿಬಿಡುತ್ತದೆ, ಅದು ಪಿಂಗಾಣಿ. ನೀರು ಹೀರಲ್ಲ. ತೆಳ್ಳಗಿನದನ್ನು ಮೊಬೈಲ್ ಟಾರ್ಚಿಗೆ ಹಿಡಿದರೆ ಬೆಳಕು ಒಂಚೂರು ಆಚೆ ಬರುತ್ತದೆ, ಅಸಲಿ ಅಂತ ತಿಳಿಯಲು ಒಂದು ದಾರಿ. ಸ್ಟೋನ್‌ವೇರ್ ಅಂದರೆ ನಮ್ಮ ಉಪ್ಪಿನಕಾಯಿ ಜಾಡಿಯ ಜಾತಿ. ಬೆಳಕು ದಾಟಲ್ಲ, ದಪ್ಪ, ಭಾರ, ಗಟ್ಟಿ. ಅಜ್ಜಿ ಕಾಲದ ಕಂದು-ಬಿಳಿ ಜಾಡಿ ಮೂಲೆಯಲ್ಲಿ ಬಿದ್ದಿದ್ದರೆ ತೊಳೆದು ಹೂವಿಗೆ ಇಡಿ. ಮುಚ್ಚಳ ಒಡೆದದ್ದಾದರೂ ಪರವಾಗಿಲ್ಲ. ಆ ಬಣ್ಣಕ್ಕೆ ಹಳದಿ ಸೇವಂತಿಗೆ ಎಷ್ಟು ಚೆನ್ನಾಗಿ ಒಪ್ಪುತ್ತದೆ ಅಂದರೆ ಅಂಗಡಿಯ ಯಾವ ಹೂದಾನಿಯೂ ಹತ್ತಿರ ಬರಲ್ಲ. ಒಂದೇ ಎಚ್ಚರ: ಉಪ್ಪಿನಕಾಯಿ ಹಾಕಿದ್ದ ಜಾಡಿಯಾದರೆ ಎರಡು ಮೂರು ದಿನ ನೀರು ತುಂಬಿ ತುಂಬಿ ಚೆಲ್ಲಿ. ಉಪ್ಪು ಉಳಿದಿದ್ದರೆ ಹೂ ಬಾಡುತ್ತದೆ.

ಜೈಪುರದ ನೀಲಿ ಹೂದಾನಿ ಎಕ್ಸಿಬಿಷನ್‌ಗಳಲ್ಲಿ ಸಿಗುತ್ತದೆ. ನೋಡಲು ಪಿಂಗಾಣಿ, ಆದರೆ ಅಲ್ಲ. ಅದರ ಹಿಟ್ಟಿನಲ್ಲಿ ಮುಖ್ಯವಾಗಿ ಇರುವುದು ಬೆಣಚುಕಲ್ಲಿನ ಪುಡಿ, ಗಾಜಿನ ಪುಡಿ, ಸ್ವಲ್ಪ ಮುಲ್ತಾನಿ ಮಿಟ್ಟಿ. ಕಮ್ಮಿ ಶಾಖದಲ್ಲಿ ಸುಡುವುದರಿಂದ ಬೇಗ ಚಕ್ಕೆ ಏಳುತ್ತದೆ. ಬಣ್ಣಕ್ಕೆ ಮನಸೋತರೆ ಕೊಳ್ಳಿ, ಆದರೆ ದಿನಾ ತೊಳೆಯುವ ಕೆಲಸಕ್ಕೆ ಬೇಡ.

ಸುಟ್ಟ ಮಣ್ಣು. ಮಾಲೂರಿನ ಹೆಂಚು, ಇಟ್ಟಿಗೆ ಗೊತ್ತಲ್ಲ, ಆ ಕೆಂಪು ನಮ್ಮ ಕಡೆಯ ಕೆಂಪು. ಮಣ್ಣಿನ ಹೂದಾನಿ ಅಗ್ಗ, ನೋಡಲೂ ಚಂದ. ಗ್ಲೇಝ್, ಅಂದರೆ ಗಾಜಿನಂಥ ಹೊಳಪಿನ ಲೇಪ, ಇಲ್ಲದ್ದಾದರೆ ನೀರು ಜಿನುಗುತ್ತದೆ. ಕುಡಿಯುವ ನೀರಿನ ಮಡಕೆಗೆ ಅದು ಗುಣ, ಜಿನುಗಿದ ನೀರು ಆರುವಾಗ ಒಳಗಿನದು ತಂಪಾಗುತ್ತದೆ. ಟೀಕ್ ಟೇಬಲ್ಲಿನ ಮೇಲೆ ಇಟ್ಟಾಗ ಮಾತ್ರ ಅದು ದೋಷ, ಬಿಳಿ ವೃತ್ತ ಬಿದ್ದರೆ ಪಾಲಿಶ್ ಹಾಕಿಸಬೇಕು. ಇನ್ನೂ ಒಂದು. ಮಣ್ಣಿನ ಸಣ್ಣ ಸಣ್ಣ ರಂಧ್ರಗಳಲ್ಲಿ ಕೊಳೆತ ನೀರಿನ ಬ್ಯಾಕ್ಟೀರಿಯಾ ಉಳಿದುಕೊಳ್ಳುತ್ತದೆ, ಎಷ್ಟು ತೊಳೆದರೂ ಪೂರ್ತಿ ಹೋಗಲ್ಲ, ಮುಂದಿನ ಸಲ ಇಟ್ಟ ಹೂವೂ ಬೇಗ ಬಾಡುತ್ತದೆ. ಇದಕ್ಕೆ ಎರಡು ದಾರಿ. ಒಳಗೆ ಒಂದು ಸ್ಟೀಲ್ ಲೋಟ ಇಟ್ಟು ಅದರಲ್ಲಿ ನೀರು, ಹೂ. ಇಲ್ಲವೇ ನೀರೇ ಬೇಡದ್ದನ್ನು ಇಡುವುದು. ಒಣಗಿದ ರಾಗಿ ತೆನೆ ಒಂದು ಹಿಡಿ ಕಟ್ಟಿ ಕೆಂಪು ಮಣ್ಣಿನ ಹೂದಾನಿಯಲ್ಲಿ ಇಟ್ಟವರ ಮನೆ ನೋಡಿದ್ದೇನೆ, ಬಂದವರೆಲ್ಲ ಅದನ್ನೇ ಕೇಳುತ್ತಾರೆ. ಶಿಡ್ಲಘಟ್ಟದ ಕಡೆ ಬೇಡವಾದ ರೇಷ್ಮೆ ಗೂಡು ಸಿಕ್ಕರೆ ಅದನ್ನು ಕತ್ತರಿಸಿ ಹೂ ಮಾಡಿ ಕಡ್ಡಿಗೆ ಸಿಗಿಸಬಹುದು. ಪ್ಲಾಸ್ಟಿಕ್ಕಿಗಿಂತ ಎಷ್ಟೋ ಮೇಲು.

ಹಿತ್ತಾಳೆ, ತಾಮ್ರ. ಬೀಳಲ್ಲ, ಒಡೆಯಲ್ಲ, ಮೊಮ್ಮಕ್ಕಳವರೆಗೂ ಬಾಳುತ್ತದೆ. ಬರೀ ನೀರಿಗೆ ಏನೂ ತೊಂದರೆ ಇಲ್ಲ. ಹೂವಿನಂಗಡಿಯವರು ಕೊಡುವ ಪುಡಿಯ ಪ್ಯಾಕೆಟ್ಟನ್ನು ಮಾತ್ರ ಇದಕ್ಕೆ ಹಾಕಬೇಡಿ, ಅದರಲ್ಲಿ ಹುಳಿ ಇರುತ್ತದೆ, ಲೋಹವನ್ನು ತಿನ್ನುತ್ತದೆ, ಹೂವಿಗೂ ಒಳ್ಳೆಯದಲ್ಲ. ಹುಣಸೆಹಣ್ಣಿನಿಂದ ಉಜ್ಜುವ ಕೆಲಸ ಯಾರ ಪಾಲಿಗೆ ಅಂತ ಮನೆಯಲ್ಲಿ ಮೊದಲೇ ತೀರ್ಮಾನ ಆಗಿರಲಿ.

ಬಿದರಿ ಹೂದಾನಿ ಬೇರೆ ಲೆಕ್ಕ. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ದು, ಮೈ ಕೊರೆದು ಬೆಳ್ಳಿ ಕೂರಿಸಿ, ಕೊನೆಗೆ ಬೀದರ್ ಕೋಟೆಯ ಮಣ್ಣು ಮತ್ತು ನವಸಾಗರ ಅನ್ನುವ ಲವಣದ ಪಾಕ ಹಚ್ಚಿದಾಗ ಸತು ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಆ ಕಪ್ಪು ಮೇಲ್ಮೈಯದು ಮಾತ್ರ. ಇದರಲ್ಲಿ ವಾರಗಟ್ಟಲೆ ನೀರು ನಿಲ್ಲಿಸುವುದು ಅಂದರೆ ಕುಶಲಕರ್ಮಿಯ ದುಡಿತ ಹಾಳು ಮಾಡಿದ ಹಾಗೆ. ಒಳಗೆ ಚಿಕ್ಕ ಗಾಜಿನ ಟ್ಯೂಬ್ ಇಟ್ಟು ಒಂದು ಹೂ ಇಡಿ, ಅಥವಾ ಖಾಲಿ ಇಡಿ. ಖಾಲಿ ಇಟ್ಟರೂ ನೋಡುವಂಥ ಹೂದಾನಿ ಇದೊಂದೇ ಅಂತ ನನ್ನ ಅನಿಸಿಕೆ. ಕಪ್ಪು ಮಂಕಾದರೆ ಕೊಬ್ಬರಿ ಎಣ್ಣೆಯ ಬಟ್ಟೆಯಿಂದ ಒರೆಸಿ. ಚನ್ನಪಟ್ಟಣದ ಅರಗಿನ ಬಣ್ಣದ್ದೂ ಹೀಗೇ, ಒಳಗೆ ಇರುವುದು ಹಾಲೆ ಮರ, ನೀರು ಬಿದ್ದರೆ ಉಬ್ಬುತ್ತದೆ. ಒಣಹೂವಿಗೆ ಮಾತ್ರ.

ಪ್ಲಾಸ್ಟಿಕ್ ಹೂದಾನಿ ಬಗ್ಗೆ ಹೇಳಲು ಏನೂ ಇಲ್ಲ.

ನಮ್ಮ ನೀರಿನ ವಿಷಯ

ಬೇರೆ ಊರಿನವರು ಬರೆದ ಸಲಹೆಗಳಲ್ಲಿ ಇದು ಸಿಗಲ್ಲ. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರಿನ ಪಾವಗಡ ಕಡೆ ಎಷ್ಟೋ ಬೋರ್‌ವೆಲ್‌ಗಳಲ್ಲಿ ಫ್ಲೋರೈಡ್ ಜಾಸ್ತಿ. ಕುಡಿಯುವ ನೀರಿನಲ್ಲಿ ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು ಅಂತ ನಿಯಮ. ಜರ್ಬೆರಾ, ಗ್ಲಾಡಿಯೋಲಸ್‌ಗೆ ಅದಕ್ಕಿಂತ ಕಮ್ಮಿಯೇ ಸಾಕು, 1 ಮಿಲಿಗ್ರಾಂ ಆಸುಪಾಸಿಗೇ ಎಸಳಿನ ಅಂಚು ಸುಟ್ಟ ಹಾಗೆ ಕಂದಾಗುತ್ತದೆ. ಹೂ ಹಳೇದು ಕೊಟ್ಟ ಅಂತ ಅಂಗಡಿಯವನ ಮೇಲೆ ಜಗಳಕ್ಕೆ ಹೋಗುವ ಮುಂಚೆ ನೀರಿನ ಮೇಲೆ ಅನುಮಾನ ಪಡಿ. ಈ ಎರಡು ಹೂವಿಗೆ ಶುದ್ಧ ನೀರಿನ ಘಟಕದ ಆರ್‌ಓ ನೀರೋ ಮಳೆ ನೀರೋ ಹಾಕಿ. ಜರ್ಬೆರಾಗೆ ಬೇಕಾದದ್ದು ಒಂದು ಲೋಟ ನೀರು ತಾನೆ, ದಂಡ ಏನಿಲ್ಲ. ಗುಲಾಬಿ ಅಷ್ಟು ನಾಜೂಕಲ್ಲ, ಆದರೆ ಅಪಾರ್ಟ್‌ಮೆಂಟ್‌ಗಳಲ್ಲಿ ಉಪ್ಪು ಹಾಕಿ ಮೆದು ಮಾಡಿದ ಸಾಫ್ಟ್‌ನರ್ ನೀರು ಅದಕ್ಕೆ ಆಗಲ್ಲ. ಅದರಲ್ಲಿ ಸೋಡಿಯಂ ಇರುತ್ತದೆ. ಅದಕ್ಕಿಂತ ನೇರ ಬೋರ್ ನೀರೇ ವಾಸಿ.

ನೀರು ಎರಡು ದಿನಕ್ಕೊಮ್ಮೆ ಬದಲಾಯಿಸಿ. ನೀರಿನೊಳಗೆ ಒಂದು ಎಲೆಯೂ ಮುಳುಗಿರಬಾರದು, ಕೊಳೆಯುವುದು ಅಲ್ಲಿಂದಲೇ. ಬಾಳೆಹಣ್ಣು, ಮಾವಿನಹಣ್ಣಿನ ಬುಟ್ಟಿ ಪಕ್ಕದಲ್ಲಿ ಇಡಬೇಡಿ, ಹಣ್ಣಾಗುವಾಗ ಬಿಡುವ ಅನಿಲಕ್ಕೆ ಹೂ ಬೇಗ ಮುಪ್ಪಾಗುತ್ತದೆ. ಡೆಂಗ್ಯೂ ಸೊಳ್ಳೆಯೂ ಹೂದಾನಿಯ ನಿಂತ ನೀರನ್ನು ಬಿಡಲ್ಲ. ಮೊಟ್ಟೆಯಿಂದ ಸೊಳ್ಳೆಯಾಗಲು ಒಂದು ವಾರದಿಂದ ಹತ್ತು ದಿನ. ನೀರು ಚೆಲ್ಲಿದರೆ ಸಾಲದು, ಮೊಟ್ಟೆ ಇರುವುದು ನೀರಿನ ಮಟ್ಟಕ್ಕಿಂತ ಸ್ವಲ್ಪ ಮೇಲೆ ಒಳಗೋಡೆಗೆ ಅಂಟಿಕೊಂಡು, ಒಣಗಿದರೂ ತಿಂಗಳುಗಟ್ಟಲೆ ಸಾಯಲ್ಲ. ಉಜ್ಜಲೇಬೇಕು. ಇಲ್ಲಿಯೂ ಬಾಯಿ ಅಗಲದ ಹೂದಾನಿಗೇ ಗೆಲುವು.

ಅಂಗಡಿಯಲ್ಲಿ ನಿಂತಾಗ

ಕೈ ಒಳಗೆ ಹಾಕಿ ನೋಡಿ. ಅಂಗಡಿಯವರು ವಿಚಿತ್ರವಾಗಿ ನೋಡಲಿ, ಏನೀಗ. ಟೇಬಲ್ ಮೇಲಿಟ್ಟು ಬಾಯಿಯ ಅಂಚನ್ನು ಒಂದು ಬೆರಳಿನಿಂದ ಮೆಲ್ಲಗೆ ತಳ್ಳಿ. ಅಲುಗಿ ತಾನಾಗೇ ನೆಟ್ಟಗಾದರೆ ಸರಿ, ಬೀಳುವ ಹಾಗೆ ವಾಲಿದರೆ ಅಲ್ಲೇ ಬಿಡಿ. ಪಿಂಗಾಣಿಯಾದರೆ ಬೆರಳ ಗೆಣ್ಣಿನಿಂದ ತಟ್ಟಿ. ಠಣ್ ಅಂದರೆ ಒಳ್ಳೆಯದು, ಮಂಕಾಗಿ ಟಪ್ ಅಂದರೆ ಎಲ್ಲೋ ಬಿರುಕಿದೆ. ಬುಡ ತಿರುಗಿಸಿ ನೋಡಿ, ಗ್ಲೇಝ್ ಹಾಕದ ಒರಟು ಉಂಗುರ ಇದ್ದರೆ ಟೇಬಲ್ ಗಾಜಿಗೆ ಗೀರು ಬೀಳುತ್ತದೆ, ಫೆಲ್ಟ್ ಸ್ಟಿಕ್ಕರ್ ಅಂಟಿಸಿಕೊಳ್ಳಿ. ಮನೆಗೆ ತಂದ ದಿನವೇ ನೀರು ತುಂಬಿ ನ್ಯೂಸ್ ಪೇಪರ್ ಮೇಲೆ ರಾತ್ರಿಯಿಡೀ ಇಡಿ. ಬೆಳಿಗ್ಗೆ ಪೇಪರ್ ಒದ್ದೆ ಆಗಿದ್ದರೆ ಬಿಲ್ ಸಮೇತ ವಾಪಸ್.

ಒಂದೇ ಕೊಳ್ಳುತ್ತೇನೆ, ಯಾವುದು ಹೇಳು ಅಂದರೆ: ಚೊಂಬಿನ ಆಕಾರದ, ಒಂದೇ ಬಣ್ಣದ, ಒಂದಡಿಗಿಂತ ಸ್ವಲ್ಪ ಗಿಡ್ಡದಾದ ಸ್ಟೋನ್‌ವೇರ್, ಕೈ ಹಿಡಿಸುವ ಬಾಯಿ. ಹೂವಿನ ಚಿತ್ರ ಇರುವ ಹೂದಾನಿ ಬೇಡ. ಅದರ ಮೇಲಿನ ಹೂವಿಗೂ ಒಳಗಿನ ಹೂವಿಗೂ ಜಗಳ ಆಗುತ್ತದೆ. ಎರಡನೆಯದಕ್ಕೆ ದುಡ್ಡಿದ್ದರೆ ಹಿತ್ತಾಳೆ ಉರುಳಿ. ಮೂರನೆಯದು ಬೇಕಿಲ್ಲ, ಆದರೂ ಬೇಕು ಅನಿಸಿದರೆ ಒಂಟಿ ಹೂವಿನ ಪುಟ್ಟ ಗಾಜಿನದು, ಓದುವ ಮೇಜಿಗೆ. ಬಾಡಿಗೆ ಮನೆ ಬದಲಾಯಿಸುತ್ತಾ ಇರುವವರು, ಬೆಕ್ಕು ಸಾಕಿದವರು ಪಿಂಗಾಣಿ, ಗಾಜು ಎರಡನ್ನೂ ಮರೆತು ಹಿತ್ತಾಳೆಗೆ ಹೋಗಿ.

ಗಿಫ್ಟಿಗೆ ಬಂದ ಗೋಲ್ಡ್ ಆಂಫೊರಾ ಮನೆಯಲ್ಲಿ ಆಗಲೇ ಎರಡು ಮೂರು ಇದ್ದರೆ ಬಿಸಾಡಬೇಡಿ, ಆ ಕಿರಿದಾದ ಕತ್ತಿಗೆ ರಾಗಿ ತೆನೆ ಸರಿಯಾಗಿ ಕೂರುತ್ತದೆ. ತೆನೆ ಪೂರ್ತಿ ಒಣಗಿಸಿ ಇಡಿ, ಇಲ್ಲದಿದ್ದರೆ ಹುಳ ಬೀಳುತ್ತದೆ. ಬಾಲ್ಕನಿಯಲ್ಲಿ ಮಾತ್ರ ಇಡಬೇಡಿ, ಗುಬ್ಬಿ ಬಂದರೆ ಸಂಜೆಗೆ ಬರೀ ಕಡ್ಡಿ ಉಳಿಯುತ್ತದೆ.